ನನ್ನ ಮುಖದ ಮೇಲೆ ನಡೆಯದ ಹಲ್ಲೆ

2008ರ ಫೆಬ್ರುವರಿಯ ಒಂದು ಸೋಮವಾರ ನಮ್ಮ ಪತ್ರಿಕೆಯ ಐದನೇ ಪುಟದಲ್ಲಿ 'ವರದಿಗಾರನ ಮೇಲೆ ಹಲ್ಲೆ: ಖಂಡನೆ' ಎಂಬ ತಲೆಬರಹದ ಹನ್ನೊಂದು ಸಾಲಿನ ಸುದ್ದಿ ಪ್ರಕಟವಾಯಿತು. ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಚಾಲಕನೊಬ್ಬ ಗೋಕಾಕದ ವರದಿಗಾರನ ಮುಖಕ್ಕೆ ಹೊಡೆದು ಗಾಯಗೊಳಿಸಿದ್ದಾನೆ ಎಂದು ಅದರಲ್ಲಿತ್ತು. ಆ ವರದಿಗಾರ ನಾನು. ನನ್ನನ್ನು ಯಾರೂ ಹೊಡೆದಿರಲಿಲ್ಲ.

ಅದಕ್ಕೂ ಹಿಂದಿನ ಗುರುವಾರ ಮಧ್ಯಾಹ್ನ ನಾನು ಗೋಕಾಕದಲ್ಲಿ ಔಷಧಿ ಅಂಗಡಿಯೊಂದರ ಮಾಳಿಗೆಯ ಕೋಣೆಯಲ್ಲಿ ಮಲಗಿದ್ದೆ. ಬೆಳಗಾವಿಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಚರ್ಮದ ಡಾಕ್ಟರು ಅಲ್ಲಿ ರೋಗಿಗಳನ್ನು ನೋಡುತ್ತಿದ್ದರು. ನನ್ನ ಎರಡೂ ಗಲ್ಲಗಳಲ್ಲಿ ಹದಿನೇಳನೇ ವಯಸ್ಸಿನ ಮೊಡವೆಗಳು ಬಿಟ್ಟುಹೋದ ತಗ್ಗುಗಳಿದ್ದವು. ಅವಕ್ಕೆ ಹೊಸ ಚಿಕಿತ್ಸೆ ಬಂದಿದೆ, ಸಣ್ಣ ಸೂಜಿಗಳಿರುವ ಉರುಳೆಯನ್ನು ಮುಖದ ಮೇಲೆ ಉರುಳಿಸುತ್ತಾರೆ ಎಂದು ಅದೇ ಅಂಗಡಿಯವನು ಹೇಳಿದ್ದ. ನನಗಾಗ ಮೂವತ್ತೊಂದು ವರ್ಷ.

ಹೋಗಲು ಕಾರಣವಿತ್ತು. ಆ ತಿಂಗಳ ಆರಂಭದಲ್ಲಿ ಹುಕ್ಕೇರಿಯಿಂದ ಅವ್ವ ಮತ್ತು ನಾನು ಕಣಗಲಾಕ್ಕೆ ಕನ್ಯಾ ನೋಡಲು ಹೋಗಿದ್ದೆವು. ನಮ್ಮ ಹಾಗೆಯೇ ಜೈನರ ಮನೆ. ಮನೆಯೊಳಗೆ ಅರ್ಧ ಮರಾಠಿ, ಅರ್ಧ ಕನ್ನಡ. ಅವಲಕ್ಕಿ ತಿಂದು ಚಹಾ ಕುಡಿದು, ಹುಡುಗಿ ಒಳಗೆ ಹೋದ ಮೇಲೆ ಅಡುಗೆಮನೆಯಿಂದ ಅವಳ ಸೋದರತ್ತೆಯ ಮಾತು ಹೊರಗೆ ಕೇಳಿಸಿತು.

"ಹುಡುಗ ಪೇಪರ್‌ನಾಗ ಬರೀತಾನ, ಖರೆ. ಆದ್ರ ಆ ಮಾರಿ? ಮಳಿ ಬಿದ್ದ ಉಸುಕಿನಂಗ ಐತಿ."

ಅವ್ವ ಕೇಳಿಸದವಳಂತೆ ಕಪ್ಪು-ಬಸಿ ಕೆಳಗಿಟ್ಟಳು. ಹುಡುಗಿಯ ತಂದೆ ನನ್ನ ಕಡೆ ನೋಡಲಿಲ್ಲ. ಕೊಲ್ಹಾಪುರದಿಂದ ಹಿರಿಯ ಕಾಕಾ ಬರಬೇಕು, ಅವರು ಇನ್ನೊಮ್ಮೆ ನೋಡಿದ ಮೇಲೆ ತಿಳಿಸುತ್ತೇವೆ ಎಂದರು. ಮುಂದಿನ ಭೇಟಿಗೆ ಭಾನುವಾರವೊಂದನ್ನು ಗೊತ್ತುಮಾಡಿದರು. ಗುರುವಾರದಿಂದ ಆ ಭಾನುವಾರಕ್ಕೆ ಹತ್ತು ದಿನ ಇದ್ದವು.

ಡಾಕ್ಟರು ಸುಳ್ಳು ಭರವಸೆ ಕೊಡಲಿಲ್ಲ. ಅದನ್ನು ದಾಖಲಿಸಬೇಕು.

"ಚರ್ಮಕ್ಕ ನಾವ ಸಣ್ಣ ಸಣ್ಣ ಗಾಯ ಮಾಡತೇವ್ರಿ. ಅದು ಮಾಯೂ ಮುಂದ ಒಳಗಿಂದ ಹೊಸಾ ಚರ್ಮ ತುಂಬಿ ಬರತೈತಿ. ನಾಕೈದು ಸಲ ಮಾಡಿಸ್ಬೇಕಾಗತೈತಿ. ತಿಂಗಳಿಗೊಮ್ಮೆ ಅಂತ ಹಿಡೀರಿ."

"ಹತ್ತು ದಿನದಾಗ ಏನರ ಫರಕ್ ಕಾಣಸತೈತೇನ್ರಿ?"

"ಹತ್ತು ದಿನದಾಗ ಕೆಂಪು ಹೋಗತೈತಿ. ಅಷ್ಟ."

ನಾನು ಅದನ್ನು ಕೇಳಿಸಿಕೊಂಡೆ, ಆದರೆ ನಂಬಲಿಲ್ಲ. ಮುಖಕ್ಕೆ ಮರಗಟ್ಟಿಸುವ ಮುಲಾಮು ಹಚ್ಚಿ ಮುಕ್ಕಾಲು ತಾಸು ಕೂರಿಸಿದರು. ಆ ಉಪಕರಣ ದರ್ಜಿಯವರು ಬಟ್ಟೆಗೆ ಗುರುತು ಹಾಕಲು ಉರುಳಿಸುವ ಹಲ್ಲಿನ ಚಕ್ರದ ಹಾಗಿತ್ತು. ಒಂದು ಚಕ್ರದ ಬದಲು ಸಾಲು ಸಾಲು ಸೂಜಿಗಳು. ಅಡ್ಡ ಉರುಳಿಸಿದರು, ಉದ್ದ ಉರುಳಿಸಿದರು, ಓರೆಯಾಗಿ ಉರುಳಿಸಿದರು. ಕಿವಿಯ ಹತ್ತಿರ ಬಂದಾಗ ಉಸುಕುಕಾಗದ ತಿಕ್ಕಿದಂಥ ಸದ್ದು ಕೇಳಿಸುತ್ತಿತ್ತು. ಇನ್ನಷ್ಟು ಒತ್ತಿ ಮಾಡಿ ಎಂದು ನಾನೇ ಎರಡು ಸಲ ಹೇಳಿದೆ. ಅವರು ಮೊದಲು ಬೇಡ ಎಂದರು. ಎರಡನೇ ಸಲ ದವಡೆಯ ಮೇಲ್ಭಾಗದಲ್ಲಿ ಸ್ವಲ್ಪ ಒತ್ತಿದರು. ಒರೆಸಿದ ಹತ್ತಿಯ ಮೇಲೆ ರಕ್ತ ಚುಕ್ಕೆ ಚುಕ್ಕೆಯಾಗಿ ಮೂಡಿತ್ತು. ಮೂರು ದಿನ ಬಿಸಿಲಿಗೆ ಹೋಗಬೇಡಿ, ಸಾಬೂನು ಹಚ್ಚಬೇಡಿ ಎಂದು ಚೀಟಿ ಬರೆದುಕೊಟ್ಟರು. ತಲೆಗೆ ಟವೆಲ್ ಸುತ್ತಿಕೊಂಡು ಹಿಂದಿನ ಓಣಿಯಿಂದ ಬಾಡಿಗೆ ಕೋಣೆ ಸೇರಿದೆ.

ಗುಟ್ಟಾಗಿಡುವ ಅಗತ್ಯವೇನಿತ್ತು ಎಂದು ಈಗ ಕೇಳಬಹುದು. ಗೋಕಾಕದ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ನಾವು ಏಳೆಂಟು ವರದಿಗಾರರು ದಿನವೂ ಸೇರುತ್ತಿದ್ದೆವು. ನಾನು ರಸ್ತೆಯ ತಗ್ಗುಗಳ ಬಗ್ಗೆ ಬರೆದಾಗಲೆಲ್ಲ ಅಲ್ಲಿ ಒಂದೇ ತಮಾಷೆ: "ಹಂಗ ನಿನ್ನ ಮಾರಿ ಮ್ಯಾಲಿನ ತಗ್ಗಿನ ಬಗ್ಗೆನೂ ಎರಡು ಸಾಲು ಬರಿಯಪಾ. ಟೆಂಡರ್ ಕರದು ಮುಚ್ಚತಾರ." ನಾನೂ ನಗುತ್ತಿದ್ದೆ. ಗಂಡಸೊಬ್ಬ ಮುಖ ಚಂದ ಮಾಡಿಸಿಕೊಳ್ಳಲು ಸೂಜಿಯ ಕೆಳಗೆ ಮಲಗಿದ್ದ ಎಂದು ಅಲ್ಲಿ ಗೊತ್ತಾದರೆ ಆ ತಮಾಷೆ ನಾನು ಊರು ಬಿಡುವವರೆಗೂ ನಿಲ್ಲುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇನ್ನೊಂದು ಪತ್ರಿಕೆಯ ಹಿರಿಯ ವರದಿಗಾರರು ಪತ್ರಿಕಾಗೋಷ್ಠಿಗೆ ಕರೆದೊಯ್ಯಲು ಬಂದು ಬಾಗಿಲು ಬಡಿದರು. ನಾವೆಲ್ಲ ಅವರನ್ನು ಅಣ್ಣಾ ಎನ್ನುತ್ತಿದ್ದೆವು. ನನ್ನ ಮುಖ ಊದಿತ್ತು. ಕಣ್ಣಿನ ಕೆಳಗೆ ನೀಲಿಗಟ್ಟಿತ್ತು. ಗಲ್ಲಗಳು ಸುಟ್ಟ ಹಾಗೆ ಕೆಂಪಾಗಿದ್ದವು.

"ಏನಾತೋ ಮಾರಿಗೆ?"

"ಏನಿಲ್ಲ ಅಣ್ಣಾ."

"ಏನಿಲ್ಲ ಅಂದ್ರ? ಯಾರು ಬಡದ್ರು?"

"ಬಿಡ್ರಿ ಅದನ್ನ. ಏನ್ ಕೇಳ್ತೀರಿ."

ಅವರು ಹಾಸಿಗೆಯ ಅಂಚಿನಲ್ಲಿ ಕುಳಿತರು. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಆ ತುಕ್ಕಾನಟ್ಟಿ ಡ್ರೈವರ?"

ನಾನು ಗೋಡೆಯ ಕಡೆ ತಿರುಗಿದೆ. ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ.

ಅವರಿಗೆ ಆ ಚಾಲಕರ ನೆನಪು ಬಂದದ್ದಕ್ಕೂ ಕಾರಣವಿದೆ. ಎರಡು ವಾರದ ಹಿಂದೆ, ಹಿಂಬದಿ ದೀಪವಿಲ್ಲದೆ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳ ಬಗ್ಗೆ ನಾನು ಬರೆದಿದ್ದೆ. ಮೂಡಲಗಿ ರಸ್ತೆಯಲ್ಲಿ ತೆಗೆದ ಚಿತ್ರದಲ್ಲಿ ಒಂದರ ನಂಬರು ಸ್ಪಷ್ಟವಾಗಿ ಕಾಣುತ್ತಿತ್ತು. ಮಾಲಕರಿಗೆ ದಂಡ ಬಿತ್ತು. ಮಾರನೇ ದಿನ ಅದರ ಚಾಲಕರು ಚಹಾದಂಗಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಎಲ್ಲರೆದುರು ನನ್ನನ್ನು ಕೇಳಿದ್ದರು: "ಸಾಹೇಬ್ರ, ದೀಪಾ ಹಚ್ಚಾಕ ಮಾಲಕರಿಗೆ ಹೇಳ್ರಿ. ನನ್ನ ಹೊಟ್ಟಿ ಮ್ಯಾಲೆ ಯಾಕ ಬಡೀತೀರಿ? ಇನ್ನೊಮ್ಮೆ ಫೋಟೋ ಹೊಡದ್ರ ನಾನೂ ಸುಮ್ನಿರೂದಿಲ್ಲ ನೋಡ್ರಿ." ಇಷ್ಟೇ ಅವರು ಹೇಳಿದ್ದು. ನಲವತ್ತರ ಹತ್ತಿರದ, ತೆಳ್ಳಗಿನ ಮನುಷ್ಯ. ಕುರಿ ಸಾಕುವ ಮನೆತನದವರು. ಆ ಮನೆಯಲ್ಲಿ ಕುರಿ ಬಿಟ್ಟು ಗಾಡಿಯ ಚಕ್ರ ಹಿಡಿದವರು ಅವರೇ ಮೊದಲಿಗರಂತೆ. ಅದು ಆಮೇಲೆ ತಿಳಿದದ್ದು.

ನಮ್ಮಲ್ಲಿ ಒಂದು ಪದ್ಧತಿಯಿದೆ. ವರದಿಗಾರನಿಗೆ ಏನಾದರೂ ಆದರೆ ಉಳಿದವರೆಲ್ಲ ಕೂಡಿ ತಹಶೀಲ್ದಾರರಿಗೆ ಮನವಿ ಕೊಡುತ್ತಾರೆ. ಮನವಿಯ ಒಕ್ಕಣೆ ಮೊದಲೇ ಸಿದ್ಧವಿರುತ್ತದೆ. ಹೆಸರು, ಊರು, ದಿನಾಂಕ ತುಂಬಿದರೆ ಸಾಕು. ಶನಿವಾರ ಅಣ್ಣಾ ಅದನ್ನು ತುಂಬಿದರು. ನಾನು ಹೋಗಲಿಲ್ಲ. 'ಗಾಯಗೊಂಡು ವಿಶ್ರಾಂತಿಯಲ್ಲಿದ್ದಾರೆ' ಎಂಬ ಸಾಲಿಗೆ ನನ್ನ ಗೈರುಹಾಜರಿಯೇ ಆಧಾರವಾಯಿತು. ಸಂಜೆ ನಮ್ಮ ಪತ್ರಿಕೆಯ ಡೆಸ್ಕಿನಿಂದ ನನಗೆ ಫೋನ್ ಬಂತು.

"ಸುದ್ದಿ ಬಂದೈತಿ. ಖರೆ ಏನು?"

"ಮನವಿ ಕೊಟ್ಟಾರ್ರಿ," ಎಂದೆ.

ಮನವಿ ಕೊಟ್ಟಿದ್ದು ನಿಜ. ಹತ್ತು ವರ್ಷದಿಂದ ನಾನು ಹೀಗೆಯೇ ಬರೆಯಲು ಕಲಿತಿದ್ದೆ. ಆಗಿದೆ ಎನ್ನಬಾರದು, ಆಗಿದೆ ಎಂದು ಹೇಳಲಾಗಿದೆ ಎನ್ನಬೇಕು. ನನ್ನ ಬಗೆಗಿನ ಸುಳ್ಳನ್ನು ದಾಟಿಸಲು ಆ ಶಿಸ್ತು ಚೆನ್ನಾಗಿ ಕೆಲಸಕ್ಕೆ ಬಂತು.

ಸೋಮವಾರ ಸುದ್ದಿ ಓದಿದ ಅವ್ವ ಹುಕ್ಕೇರಿಯಿಂದ ಮೊದಲ ಬಸ್ಸಿಗೇ ಬಂದಳು. ಚೀಲದಲ್ಲಿ ಅರಿಶಿನ, ತುಪ್ಪ, ಹಳೆಯ ಸೀರೆಯ ಮೆತ್ತನೆ ತುಂಡು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಅವನ ಕೈ ಸೇದಿ ಹೋಗ್ಲಿ," ಎಂದಳು. ನಮ್ಮ ಮನೆಯಲ್ಲಿ ಸಂಜೆಯಾದ ಮೇಲೆ ಉಣ್ಣುವುದಿಲ್ಲ, ಹುಳ ಸಾಯುತ್ತದೆ ಎಂದು. ಅಂಥ ಅವ್ವ ಒಬ್ಬ ಮನುಷ್ಯನ ಕೈ ಹೋಗಲಿ ಎಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅವಳು ತುಪ್ಪದಲ್ಲಿ ಅರಿಶಿನ ಕಲಸಿದಳು, ನಾನು ಗಲ್ಲ ಮುಂದೆ ಮಾಡಿದೆ.

ಟ್ರ್ಯಾಕ್ಟರ್ ಮಾಲಕರು ಗೋಕಾಕದವರು. ಕಬ್ಬು ಅರೆಯುವ ಹಂಗಾಮಿನ ನಡುವೆ ಪೇಪರಿನವರ ತಂಟೆ ಅವರಿಗೆ ಬೇಕಾಗಿರಲಿಲ್ಲ. ಪೊಲೀಸು, ಕೇಸು ಎನ್ನುವ ಮೊದಲೇ ಅಣ್ಣಾನ ಹತ್ತಿರ ಬಂದು ರಾಜಿ ಮಾಡೋಣ ಎಂದರು. ಚಾಲಕರಿಗೆ ಅವರು ಹೇಳಿದ್ದು ಒಂದೇ ಮಾತು: ಹೋಗಿ ತಪ್ಪಾಯಿತು ಎನ್ನು, ಇಲ್ಲವಾದರೆ ಟ್ರ್ಯಾಕ್ಟರಿನಿಂದ ಇಳಿ. ಸಕ್ಕರೆ ಕಾರ್ಖಾನೆಗಳು ನಿಲ್ಲಲು ಇನ್ನೂ ಎರಡು ತಿಂಗಳಿತ್ತು.

ಬುಧವಾರ ಪ್ರವಾಸಿ ಮಂದಿರದ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಮಾಲಕರು ಕರದಂಟಿನ ಡಬ್ಬಿ ತಂದಿದ್ದರು. ಚಾಲಕರು ಕಂಬದ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದರು. ಅಷ್ಟು ಹೊತ್ತಿಗೆ ನನ್ನ ಮುಖದ ಊತ ಇಳಿದಿತ್ತು. ಉಳಿದದ್ದು ಒಣಗಿದ ಕಂದು ಚುಕ್ಕೆಗಳು. ಒತ್ತಿ ಎಂದು ನಾನು ಹೇಳಿದ ಕಡೆಯೆಲ್ಲ ಅವು ಗೆರೆ ಎಳೆದಂತೆ ಸಾಲಾಗಿ ನಿಂತಿದ್ದವು.

"ಮುಂದ ಬಾ," ಎಂದರು ಮಾಲಕರು. "ಕೈ ಹಿಡದು ಹೇಳು."

ಚಾಲಕರು ಬಂದು ನನ್ನ ಎರಡೂ ಕೈ ಹಿಡಿದರು. ಎತ್ತರದಲ್ಲಿ ನನಗಿಂತ ಸ್ವಲ್ಪ ಗಿಡ್ಡ. ತಲೆ ಎತ್ತಿ ಮುಖ ನೋಡಿದರು. ಎಡಗಲ್ಲ ನೋಡಿದರು, ಬಲಗಲ್ಲ ನೋಡಿದರು. ಫೋಟೋ ತೆಗೆಯುವವನು ಇನ್ನೂ ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದ. ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ನಾ ಕುರಿ ಕಾಯ್ದಾಂವ್ರಿ, ಸಾಹೇಬ್ರ. ಬಡಿಗಿ ಪೆಟ್ಟು, ಮುಳ್ಳು, ನಾಯಿ ಹಲ್ಲು, ಎಲ್ಲಾ ಬ್ಯಾರೆ ಬ್ಯಾರೆ ಗೊತ್ತಾಗತೈತಿ. ಪೆಟ್ಟಂದ್ರ ಒಂದ್ ಕಡಿ ಬೀಳತೈತ್ರಿ. ಇದು ಎರಡೂ ಗಲ್ಲಕ್ಕ ಅಳತಿ ಹಿಡದಂಗ ಬಿದ್ದೈತಿ. ಇದು ಸೂಜಿ."

ಆಮೇಲೆ ಅವರು ಎಲ್ಲರಿಗೂ ಕೇಳುವಂತೆ, ಹೇಳಿಕೊಟ್ಟ ಮಾತನ್ನು ಹೇಳಿದರು: "ತಪ್ಪಾತ್ರಿ. ಸಿಟ್ಟಿನ ಕೈಯಾಗ ಆಗಿಹೋತು. ಹೊಟ್ಟಿಯೊಳಗ ಹಾಕ್ಕೋರ್ರಿ."

ಅವರು ಸತ್ಯವನ್ನು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಿದ್ದರೆ ನಂಬುವವರು ಅಲ್ಲಿ ಯಾರೂ ಇರಲಿಲ್ಲ, ನನ್ನೊಬ್ಬನ ಹೊರತು. ಫೋಟೋ ತೆಗೆದರು. ಕರದಂಟು ಹಂಚಿದರು. ಅಣ್ಣಾ ಒಂದು ತುಂಡನ್ನು ಚಾಲಕರ ಕೈಗೂ ಇಟ್ಟು, "ಮುಗೀತಪಾ, ಇನ್ ಮ್ಯಾಲೆ ಕೈ ಹಿಡಿತದಾಗ ಇಟ್ಕೊ," ಎಂದರು. ಅವರು ಅದನ್ನು ತಿನ್ನದೆ ಟವೆಲ್ಲಿನ ತುದಿಗೆ ಕಟ್ಟಿಕೊಂಡರು. ಮಾರನೇ ದಿನ 'ಹಲ್ಲೆ ಪ್ರಕರಣ ಸುಖಾಂತ್ಯ' ಎಂಬ ಸುದ್ದಿ ಬಂತು. ನಮ್ಮ ಪತ್ರಿಕೆಗೆ ಅದನ್ನು ಬರೆದು ಕಳಿಸಿದವನು ನಾನೇ. ಚಾಲಕರು ತಪ್ಪೊಪ್ಪಿಕೊಂಡರು ಎಂದು ಬರೆದೆ.

ಭಾನುವಾರ ಕಣಗಲಾದಲ್ಲಿ ಕೊಲ್ಹಾಪುರದ ಕಾಕಾ ನನ್ನನ್ನು ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು. ಪತ್ರಿಕೆ ಅವರ ಕೈಯಲ್ಲಿತ್ತು. "ಬರ್ಯಾಕ ಧೈರ್ಯ ಬೇಕಲ್ರಿ. ಏಟು ತಿಂದೂ ಕ್ಷಮಾ ಮಾಡ್ಯಾರ, ನಮ್ಮ ಧರ್ಮನೂ ಅದ ಅಲ್ಲೇನು," ಎಂದು ಎಲ್ಲರಿಗೂ ಹೇಳಿದರು. ಅತ್ತೆ ಹೊರಗೆ ಬಂದು ನನ್ನ ಗಲ್ಲ ನೋಡಿ, "ಪಾಪ, ಎಷ್ಟ್ ಬಡದಾನ ಹಲ್ಕಟ್," ಎಂದರು. ತಗ್ಗುಗಳ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಮೇ ತಿಂಗಳಲ್ಲಿ ಮದುವೆಯಾಯಿತು.

ಉಳಿದ ನಾಲ್ಕು ಸಲದ ಚಿಕಿತ್ಸೆಗೆ ನಾನು ಹೋಗಲಿಲ್ಲ.

ಮುಂದಿನ ವರ್ಷ, ಬಾಡಿಗೆ ಮನೆ ಬದಲಿಸುವಾಗ ಹೆಂಡತಿಗೆ ಹಳೆಯ ಫೈಲಿನಲ್ಲಿ ಡಾಕ್ಟರ ಚೀಟಿ ಸಿಕ್ಕಿತು. ಮೇಲೆ ದಿನಾಂಕವಿತ್ತು. ಬಿಸಿಲಿಗೆ ಹೋಗಬೇಡಿ, ಸಾಬೂನು ಬೇಡ, ಮುಂದಿನ ಸರದಿ ಇಂಥ ದಿನ ಎಂದು ಇತ್ತು. ಅವಳು ಅದನ್ನು ಓದಿ, ಪೆಟ್ಟಿಗೆಯ ಮೇಲೆ ಕುಳಿತು ನನ್ನನ್ನು ಕರೆದಳು.

"ಇದು ನಿಮಗ ಬಡದ ವಾರದ ಚೀಟಿ ಅಲ್ಲೇನ್ರಿ?"

ಸುಳ್ಳಿಗೆ ಮತ್ತೊಂದು ಜಾಗ ಉಳಿದಿರಲಿಲ್ಲ. ಹೇಳಿದೆ. ಅವಳು ನಗಬಹುದು ಎಂದುಕೊಂಡಿದ್ದೆ.

"ಅಂವ ಎಲ್ಲಿ ಅದಾನ ಈಗ?"

"ಗೊತ್ತಿಲ್ಲ."

"ಊರ ತುಂಬ ಎಲ್ಲಾ ಗೊತ್ತಿರತೈತಿ ನಿಮಗ. ಅದೊಂದು ಗೊತ್ತಿಲ್ಲ." ಚೀಟಿಯನ್ನು ನನ್ನ ಕೈಗೆ ಕೊಟ್ಟಳು. "ನಾ ಮಾರಿ ನೋಡಿ ಬ್ಯಾಡ ಅಂದಿರ್ಲಿಲ್ರಿ. ನನ್ನ ಕೇಳಿದವ್ರು ಯಾರು? ಹೋಗಿ ಅವಗ ಹೇಳಿ ಬರ್ರಿ."

ವಿಚಾರಿಸಲು ಎರಡು ದಿನ ಸಾಕಾಯಿತು. ಹಂಗಾಮು ಮುಗಿದ ದಿನವೇ ಮಾಲಕರು ಚಾಲಕರನ್ನು ಕೆಲಸದಿಂದ ಬಿಡಿಸಿದ್ದರು. ಆಮೇಲೆ ಮೂಡಲಗಿಯ ಸುತ್ತ ಯಾವ ಟ್ರ್ಯಾಕ್ಟರಿನವರೂ ಅವರನ್ನು ಹತ್ತಿಸಿರಲಿಲ್ಲ. ಪೇಪರಿನವರನ್ನು ಬಡಿದವನು ಎಂಬ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಅವರು ಮತ್ತೆ ಕುರಿ ಹಿಡಿದಿದ್ದರು. 2009ರ ಸೆಪ್ಟೆಂಬರಿನ ಒಂದು ಮುಂಜಾನೆ ತುಕ್ಕಾನಟ್ಟಿಯ ಹೊರಗಿನ ಹೊಲವೊಂದರಲ್ಲಿ ಅವರನ್ನು ಕಂಡೆ. ಗೊಬ್ಬರಕ್ಕೆಂದು ಹೊಲದವರು ರಾತ್ರಿ ಅಲ್ಲಿ ಕುರಿ ತರುಬಿಸಿದ್ದರು. ಕುರಿಗಳನ್ನು ಕೂಡಿಹಾಕಲು ಸುತ್ತ ಕಟ್ಟಿದ ಬಲೆಯನ್ನು ಅವರು ಬಿಚ್ಚುತ್ತಿದ್ದರು.

"ಬರ್ರಿ ಸಾಹೇಬ್ರ," ಎಂದರು, ನಿನ್ನೆ ಭೇಟಿಯಾದವರಂತೆ.

ನಾನು ಎಲ್ಲವನ್ನೂ ಹೇಳಿದೆ. ಬೆಳಗಾವಿಯ ಡಾಕ್ಟರು, ಉರುಳೆ, ಕಣಗಲಾ, ಗೋಡೆಯ ಕಡೆ ತಿರುಗಿದ್ದು. ಅವರು ಬಲೆಯನ್ನು ಮಡಚುತ್ತಲೇ ಕೇಳಿದರು.

"ನೋವಾತೇನ್ರಿ?"

"ಸ್ವಲ್ಪ."

"ತಗ್ಗು ಮುಚ್ಚಿದ್ವೇನು?"

"ಇಲ್ರಿ."

"ಹೂಂ." ಒಂದು ಮರಿ ಅವರ ಕಾಲಿಗೆ ತಲೆ ತಿಕ್ಕುತ್ತಿತ್ತು. ಅದನ್ನು ಆಚೆ ಸರಿಸಿದರು. "ನನಗ ಹೇಳಿ ಏನ್ ಮಾಡ್ತೀರಿ? ನನಗ ಅವತ್ತ ಗೊತ್ತಿತ್ತು. ಪೇಪರ್‌ನಾಗ ಹಾಕಿದ್ರಿ, ಪೇಪರ್‌ನಾಗ ತಗೀರಿ."

ಅಂದೇ ನಾಲ್ಕು ಸಾಲಿನ ತಿದ್ದುಪಡಿ ಬರೆದು ಕಳಿಸಿದೆ. ಅದರಲ್ಲಿ ಚಾಲಕರು ಹಲ್ಲೆ ನಡೆಸಿರಲಿಲ್ಲ ಎಂದಷ್ಟೇ ಇತ್ತು. ಡೆಸ್ಕಿನಿಂದ ಫೋನ್ ಬಂತು.

"ಹಂಗಾದ್ರ ಬಡದವ್ರು ಯಾರು?"

"ಯಾರೂ ಬಡದಿಲ್ರಿ."

"ಮತ್ತ ಮಾರಿಗೆ ಏನಾಗಿತ್ತು?"

ಹೇಳಿದೆ. ಡೆಸ್ಕಿನವರು, "ಒಂದೂವರಿ ವರ್ಷದ ಮ್ಯಾಲೆ ಇದನ್ನ ಹಾಕಿದ್ರ ಮಂದಿ ನಮಗ ಏನಂತಾರ? ಬಿಡ್ರಿ," ಎಂದರು. ತಿದ್ದುಪಡಿ ಬರಲಿಲ್ಲ. ಅಣ್ಣಾನ ಹತ್ತಿರ ಹೋದೆ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿ, "ನನ್ನ ಸಹಿ ಐತಿ ಆ ಮನವಿ ಮ್ಯಾಲೆ. ನೀ ನನಗ ಅವತ್ತ ಬೈದಿದ್ರೂ ಚೊಲೊ ಇತ್ತು," ಎಂದರು. ಆಮೇಲೆ ಚಹಾದಂಗಡಿಯಲ್ಲಿ ನಾನು ಬಂದು ಕುಳಿತರೆ ಅವರು ಏಳುತ್ತಿದ್ದರು. ತಮಾಷೆಯನ್ನು ಯಾರೂ ಮಾಡಲಿಲ್ಲ.

ಅಕ್ಟೋಬರಿನಲ್ಲಿ, ಹಂಗಾಮು ಶುರುವಾಗುವ ಮೊದಲು, ನಾನೇ ಒಂದು ಕಾಗದ ಬರೆದು ಸಹಿ ಮಾಡಿ ಚಾಲಕರ ಹತ್ತಿರ ಒಯ್ದೆ. ಮಾಲಕರಿಗೆ ತೋರಿಸಲು ಆದೀತು ಎಂದೆ. ಅವರು ನಾಲ್ಕನೇ ಇಯತ್ತೆಯವರೆಗೆ ಸಾಲಿ ಕಲಿತವರು. ಬೆರಳಿಟ್ಟು, ತುಟಿ ಆಡಿಸುತ್ತ, ಕೊನೆಯವರೆಗೂ ಓದಿದರು.

"ನಾ ಬಡದಿಲ್ಲ ಅಂತ ಐತಿ. ಸೂಜಿ ಅನ್ನೂದು ಇದ್ರಾಗ ಇಲ್ಲಲ್ರಿ."

"ಅದು ಬೇಕೇನ್ರಿ?"

"ಅದಿಲ್ದಿದ್ರ ನೀವು ಅಂಜಿ ಬರದು ಕೊಟ್ಟೀರಿ ಅಂತಾರ. ನಾ ಮತ್ತ ಬಡಿಯಾಕ ಬಂದಿದ್ದೆ ಅಂತಾರ."

ಹೊಲದ ಬದುವಿನ ಮೇಲೆ ಕುಳಿತು, ಮೊಣಕಾಲ ಮೇಲೆ ಕಾಗದ ಇಟ್ಟು ಇನ್ನೊಂದು ಸಾಲು ಸೇರಿಸಿದೆ: ಮುಖದ ತಗ್ಗು ಹೋಗಲೆಂದು ನಾನೇ ಸ್ವಇಚ್ಛೆಯಿಂದ ಸೂಜಿ ಚಿಕಿತ್ಸೆ ಮಾಡಿಸಿಕೊಂಡಿದ್ದೆ, ಗುರುತುಗಳು ಅದರವು. ಆ ಸಾಲಿನ ಕೆಳಗೆ ಮತ್ತೊಮ್ಮೆ ಸಹಿ ಮಾಡಿಸಿಕೊಂಡರು.

ಮುಂದಿನದು ನಾನು ಕಂಡದ್ದಲ್ಲ, ಅವರೇ ಹೇಳಿದ್ದು. ಮೂಡಲಗಿಯ ಸುತ್ತ ಮೂವರು ಟ್ರ್ಯಾಕ್ಟರ್ ಮಾಲಕರಿಗೆ ಆ ಕಾಗದ ತೋರಿಸಿದರು. ಇಬ್ಬರು ಓದದೆ ಮರಳಿಸಿದರು. ಮೂರನೆಯವರು ಪೂರ್ತಿ ಓದಿ, ನಕ್ಕು, ಇದು ಪೇಪರಿನಲ್ಲಿ ಬಂದಿದೆಯೇ ಎಂದು ಕೇಳಿದರು. ಇಲ್ಲ ಎಂದಾಗ ಕಾಗದವನ್ನು ಮಡಚಿ ಚಾಲಕರ ಕಿಸೆಗೇ ಇಟ್ಟರು.

2009ರ ಡಿಸೆಂಬರಿನ ಎರಡನೇ ವಾರ, ಕಬ್ಬಿನ ಹಂಗಾಮು ಭರದಲ್ಲಿದ್ದಾಗಲೂ, ಚಾಲಕರು ತಮ್ಮ ಕುರಿಗಳೊಂದಿಗೆ ಹುಕ್ಕೇರಿ ಕಡೆಯ ಹೊಲಗಳಲ್ಲಿದ್ದರು.